ನಾಲ್ಕನೇ ಶೆಡ್ಡಿನ ಉಳಿಹೆಜ್ಜೆ

ನಮ್ಮ ಊರಿನಲ್ಲಿ ಹೆಜ್ಜೆಗಳು ಒಂಬತ್ತು ದಿನ ಉಳಿಯುತ್ತವೆ. ಬರಿಗಾಲಾದರೂ ಸರಿ, ಚಪ್ಪಲಿ ಮೆಟ್ಟಿದರೂ ಸರಿ, ಕಾಲೂರಿದ ಕಡೆ ಅವರವರ ಬಣ್ಣ ನೆಲಕ್ಕಿಳಿಯುತ್ತದೆ. ನನ್ನದು ಒಲೆಯ ಬೂದಿಯ ಬಣ್ಣ. ಹತ್ತಿರ ಹತ್ತಿರ ಇಟ್ಟ, ಅಲ್ಲಲ್ಲಿ ಹಿಂದಕ್ಕೆ ತಿರುಗಿದ ಬೂದಿ ಹೆಜ್ಜೆ ಕಂಡರೆ ಜನ, "ನಳಿನಾಕ್ಷಿ ಈ ದಾರಿಯಲ್ಲಿ ಹೋಗಿದಾಳೆ. ಬೀಗ ಹಾಕಿದ್ನೋ ಇಲ್ವೋ ಅಂತ ಅರ್ಧದಿಂದ ವಾಪಸ್ ಹೋಗಿ ನೋಡ್ಕೊಂಡು ಬಂದಿದಾಳೆ" ಎಂದು ನಗುತ್ತಾರೆ. ಅವರು ಹೇಳುವುದು ನಿಜವೇ. ಬೀಗ ಒಮ್ಮೆಯೂ ಬಿಟ್ಟುಹೋಗಿರಲಿಲ್ಲ, ಅದೂ ನಿಜ.

ಇಂಥ ಊರಿನಲ್ಲಿ ಬದುಕುವುದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಎಲ್ಲ ಕಡೆ ಬದುಕಿದ ಹಾಗೆಯೇ. ಸಕ್ಕರೆ ಕಾಯಿಲೆಯ ಗಂಡಸರು ಮಿಠಾಯಿ ಅಂಗಡಿಗೆ ತಾವು ಹೋಗದೆ ಸ್ನೇಹಿತರನ್ನು ಕಳಿಸುತ್ತಾರೆ. ಪ್ರೀತಿಸುವವರು ಕಾಲುವೆಯ ನೀರಿನೊಳಗೇ ನಡೆದು ಭೇಟಿಯಾಗುತ್ತಾರೆ. ಮೊಣಕಾಲವರೆಗೆ ಒದ್ದೆಯಾಗಿ ಬಂದ ಹುಡುಗಿಯನ್ನು ಎಲ್ಲಿಗೆ ಹೋಗಿದ್ದೆ ಎಂದು ಬುದ್ಧಿಯಿರುವ ತಾಯಿ ಕೇಳುವುದಿಲ್ಲ. ಸೋಪು ಹಾಕಿ ತಿಕ್ಕಿದರೆ ಬಣ್ಣ ಹೋಗುತ್ತದೆ. ಆದರೆ ತಿಕ್ಕುವವರು ಕಡಿಮೆ, ಏಕೆಂದರೆ ತಿಕ್ಕಿದ ಜಾಗ ಬಣ್ಣಕ್ಕಿಂತ ಹೆಚ್ಚು ಮಾತಾಡುತ್ತದೆ.

ಊರಿನ ಪೂರ್ವಕ್ಕೆ, ಕಾಲುವೆಯ ಏರಿ ಮುಗಿಯುವಲ್ಲಿ, ನಮ್ಮ ಮೊಟ್ಟೆ ಫಾರಂ ಇದೆ. ಆರು ಶೆಡ್ಡು, ಮೂವತ್ತು ಸಾವಿರ ಕೋಳಿ. ಬೋರ್ಡಿನಲ್ಲಿ ಬೇರೇನೋ ಹೆಸರಿದ್ದರೂ ಊರಿಗೆ ಅದು ದೇವೀರಮ್ಮನ ಫಾರಮ್ಮು. ಹಿತ್ತಲಿನ ನಲವತ್ತು ಕೋಳಿಗಳಿಂದ ಅದನ್ನು ಕಟ್ಟಿದವರು ಅವರು. ಅವರ ಗಂಡ ಮರಿಯಪ್ಪನವರು ಲಾರಿ, ಮೇವು, ಮಾರಾಟ ನೋಡಿಕೊಂಡರು; ಶೆಡ್ಡಿನ ಒಳಗಿನದೆಲ್ಲ ದೇವೀರಮ್ಮನವರದೇ ಆಳ್ವಿಕೆ. ಓದಿದ್ದು ಐದನೇ ತರಗತಿ. ಮೊಟ್ಟೆಯಲ್ಲಿ ಅಡಗುವ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಹೆಸರು ಅವರ ಬಾಯಿಗೆ ಕೊನೆಯವರೆಗೂ ಹತ್ತಲಿಲ್ಲ, "ಆ ಕಳ್ಳಿ" ಎನ್ನುತ್ತಿದ್ದರು. "ಕೋಳಿ ನೋಡಿದ್ರೆ ಗುಂಡುಕಲ್ಲು ಇದ್ದಂಗಿರತ್ತೆ, ಮೊಟ್ಟೆ ನೋಡಿದ್ರೆ ಮುತ್ತು. ಆ ಕಳ್ಳಿ ಮಾತ್ರ ಒಳಗೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿರ್ತಾಳೆ. ಎಳೆಕೂಸಿನ ಹೊಟ್ಟೆಗೆ ಹೋದ ಮೇಲೇ ಗೊತ್ತಾಗೋದು." ಕಾಲೇಜಿನಲ್ಲಿ ಮೂರು ವರ್ಷ ಸೂಕ್ಷ್ಮಜೀವಿಗಳ ಬಗ್ಗೆ ಓದಿ, ಫಾರಮ್ಮಿನ ಶುಚಿತ್ವ ನೋಡಿಕೊಳ್ಳುವ ಕೆಲಸಕ್ಕೆ ಬಂದ ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಇಂದಿಗೂ ಬರುವುದಿಲ್ಲ.

ಶೆಡ್ಡಿನ ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ ಎಲ್ಲ ಫಾರಮ್ಮುಗಳಲ್ಲೂ ಇರುತ್ತದೆ. ಜನ ಅದರಲ್ಲಿ ಕಾಲು ಅದ್ದಿದ ಶಾಸ್ತ್ರ ಮಾಡಿ ಒಳಗೆ ಹೋಗುತ್ತಾರೆ. ದೇವೀರಮ್ಮನವರು ಒಂದು ಸಂಗತಿ ಕಂಡುಹಿಡಿದಿದ್ದರು. ಶೆಡ್ಡಿನ ಬೂಟು ಹಾಕಿಕೊಂಡು, ಅರವತ್ತು ಎಣಿಸುವವರೆಗೆ ಆ ನೀರಿನಲ್ಲಿ ಅಲ್ಲಾಡದೆ ನಿಂತರೆ, ಮುಂದಿನ ಹತ್ತು ಹೆಜ್ಜೆಗೆ ಬಣ್ಣ ಬೀಳುವುದಿಲ್ಲ. ಐವತ್ತಕ್ಕೇ ಎತ್ತಿದರೆ ಆರನೇ ಹೆಜ್ಜೆಗೇ ಬೀಳುತ್ತದೆ. ಅವರು ಆರೂ ಶೆಡ್ಡುಗಳ ಬಾಗಿಲಿನ ಒಳಗೆ ಹತ್ತು ಹೆಜ್ಜೆಯಷ್ಟು ನೆಲಕ್ಕೆ ಬಿಳಿ ಬಣ್ಣ ಬಳಿಸಿದರು. ಪ್ರತಿದಿನ ಬೆಳಿಗ್ಗೆ ಅದನ್ನು ನೋಡಿದರೆ ಸಾಕು, ಯಾರು ಎಷ್ಟು ಎಣಿಸಿ ಕಳ್ಳಾಟವಾಡಿದ್ದಾರೆಂದು ತಿಳಿಯುತ್ತಿತ್ತು. ಹೊರಗಿನ ಫಾರಮ್ಮುಗಳವರು ಬಂದು ಅದನ್ನು ನೋಡಿ, ನಿಮ್ಮ ಊರಿನ ಪುಣ್ಯ ಎಂದು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ಇಪ್ಪತ್ತೆರಡು ವರ್ಷ ನಮ್ಮ ಮೊಟ್ಟೆಯಿಂದ ಯಾರಿಗೂ ಏನೂ ಆಗಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರಿಗೆ ನಮ್ಮ ಮೊಟ್ಟೆಯೇ. ಪೂರ್ತಿ ಬೇಯಿಸಿ ಕೊಡಿ ಎಂದು ನಾನು ಹೋದ ಹೋದ ಕಡೆ ಹೇಳುತ್ತೇನೆ. ಮುದುಕಿಯರು ತಲೆಯಾಡಿಸಿ ಕೇಳಿಸಿಕೊಂಡು, ನಾನು ತಿರುಗಿದೊಡನೆ ಅರೆಬೆಂದದ್ದಕ್ಕೆ ಮೆಣಸು ಉದುರಿಸಿ ಸೊಸೆಯ ಬಾಯಿಗಿಡುತ್ತಾರೆ. "ದೇವೀರಮ್ಮನ ಮೊಟ್ಟೆ ಕಣೇ, ಅದಕ್ಕೇನಾಗತ್ತೆ?" ಆ ಮಾತು ಕೇಳಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು, ಭಯವೂ ಆಗುತ್ತಿತ್ತು.

ದೇವೀರಮ್ಮನವರು ತೀರಿಕೊಂಡದ್ದು ನಾಲ್ಕನೇ ಶೆಡ್ಡು ಖಾಲಿಯಾದ ದಿನ. ಹಳೆಯ ಕೋಳಿಗಳನ್ನು ಸಾಗಿಸಿಯಾಗಿತ್ತು; ಮಾರನೆಯ ದಿನ ತೊಳೆಯುವ ಕೆಲಸ. ತೊಳೆಯುವ ಮುಂಚೆ ಒಬ್ಬರೇ ಶೆಡ್ಡಿನ ಉದ್ದಕ್ಕೂ ನಡೆದು ನೋಡುವುದು ಅವರ ರೂಢಿ. ನೋಡಿದರು, ಮನೆಗೆ ಹೋದರು, ಊಟಕ್ಕೆ ಕೂತರು, ಹಾಗೆಯೇ ಗೋಡೆಗೊರಗಿದರು. ಸತ್ತವರ ಕೊನೆಯ ಹೆಜ್ಜೆಗಳು ನಮ್ಮಲ್ಲಿ ಒಂಬತ್ತು ದಿನಕ್ಕೆ ಅಳಿಯುವುದಿಲ್ಲ. ಹನ್ನೊಂದನೆಯ ದಿನ ಮನೆಯವರು ಹಾಲು ನೀರು ಹಾಕಿ ಅವನ್ನು ತೊಳೆಯುತ್ತಾರೆ, ತಮಗೆ ಇಷ್ಟವಾದ ಒಂದು ಜಾಗದವನ್ನು ಮಾತ್ರ ಬಿಡುತ್ತಾರೆ. ಅದೇ ಉಳಿಹೆಜ್ಜೆ. ಅದು ತಾನಾಗಿ ಮಾಸುವವರೆಗೆ, ವರ್ಷವಾಗಲಿ ಮೂರು ವರ್ಷವಾಗಲಿ, ಅಲ್ಲಿ ಪೊರಕೆ ಆಡಿಸುವಂತಿಲ್ಲ, ನೀರು ಹಾಕುವಂತಿಲ್ಲ, ದಾಟುವಂತಿಲ್ಲ. ಪೇಟೆಯ ದರ್ಜಿಯೊಬ್ಬನದು ಹೊಲಿಗೆ ಯಂತ್ರದ ಕೆಳಗೆ ಎರಡು ವರ್ಷದಿಂದ ಹಾಗೇ ಇದೆ. ಮಗ ಯಂತ್ರವನ್ನು ಪಕ್ಕಕ್ಕೆ ಸರಿಸಿಕೊಂಡು ಹೊಲಿಯುತ್ತಾನೆ.

ಮರಿಯಪ್ಪನವರು ನಾಲ್ಕನೇ ಶೆಡ್ಡಿನ ಕೊನೆಯ ತುದಿಯ ಏಳು ಹೆಜ್ಜೆಗಳನ್ನು ಉಳಿಸಿಕೊಂಡರು. ಅಡುಗೆಮನೆಯದನ್ನು ಉಳಿಸಿ ಎಂದು ನಾದಿನಿಯರು ಹೇಳಿದರು. ಅದಕ್ಕೆ ಅವರು, "ಅಡುಗೆಮನೇಲಿ ಅವಳು ಬೇರೆಯವರಿಗೋಸ್ಕರ ಓಡಾಡಿದ್ದು. ಶೆಡ್ಡಲ್ಲಿ ಅವಳು ಅವಳಾಗಿ ನಡೆದದ್ದು" ಎಂದರಂತೆ. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದ ಏಳು ಹೆಜ್ಜೆ, ದೂರ ದೂರ, ಒತ್ತಿ ಇಟ್ಟವು. ಸುತ್ತ ಇಟ್ಟಿಗೆ ಜೋಡಿಸಿ, ಹಿಕ್ಕೆ ಬೀಳದಿರಲೆಂದು ಮೇಲೆ ಹಲಗೆ ಹೊಡೆಸಿದರು. ಒಂದು ತುದಿಯಲ್ಲಿ ಗೇಣಗಲ ಕಿಂಡಿ ಬಿಟ್ಟರು. ಬಗ್ಗಿ ನೋಡಿದರೆ ಅಲ್ಲಿಂದ ಎರಡು ಹೆಜ್ಜೆ ಕಾಣುತ್ತಿತ್ತು.

ಅದಾದ ಮೇಲೆ ಶೆಡ್ಡು ತೊಳೆದೆವು. ಒಣಗೂಡಿಸಿ, ಹಿಕ್ಕೆ ಕೆರೆದು, ಫ್ಯಾನು ಬಿಚ್ಚಿ, ಸೋಪು ನೀರು ಹೊಡೆದು, ಒಣಗಿಸಿ, ಔಷಧಿ ಸಿಂಪಡಿಸಿದೆವು. ಹಲಗೆಯ ಹತ್ತಿರ ಬಂದಾಗ ಎಲ್ಲರೂ ಪೈಪನ್ನು ಆಚೆ ತಿರುಗಿಸಿದರು. ಸಂಜೆ ನಾನು ವರದಿ ಬರೆದೆ. ಗೋಡೆ, ಚಾವಣಿ, ಪಂಜರ, ನೆಲ ಪೂರ್ತಿ ತೊಳೆಯಲಾಗಿದೆ. ‘ಪೂರ್ತಿ’ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಅಲ್ಪವಿರಾಮ ತಪ್ಪಿದರೂ ಕಾಗದ ಹರಿದು ಮತ್ತೆ ಬರೆಯುವ ನಾನು, ಮರಿಯಪ್ಪನವರ ಮುಖ ನೆನೆದು ಆ ಪದ ಬರೆದು ಸಹಿ ಹಾಕಿದೆ.

ಹೊಸ ಕೋಳಿಗಳು ಬಂದವು. ಎಂಟನೇ ತಿಂಗಳಿನಲ್ಲಿ, ಎಂದಿನಂತೆ ನೆಲ ಒರೆಸಿ ಲ್ಯಾಬಿಗೆ ಕಳಿಸಿದ ಬಟ್ಟೆಯಲ್ಲಿ ಸಾಲ್ಮೊನೆಲ್ಲಾ ಬಂತು. ನಾನು ವರದಿಯನ್ನು ಮೂರು ಸಲ ಓದಿ, ಶೆಡ್ಡಿನ ಸಂಖ್ಯೆಯನ್ನು ಬೆರಳಿಟ್ಟು ನೋಡಿದೆ. ಅಂದೇ ಮಧ್ಯಾಹ್ನದಿಂದ ನಾಲ್ಕನೇ ಶೆಡ್ಡಿನ ಒಂದು ಮೊಟ್ಟೆಯೂ ಊರೊಳಗೆ ಹೋಗಲಿಲ್ಲ. ಎಲ್ಲ ಹಬೆಯಲ್ಲಿ ಕಾಯಿಸುವ ಬಿಸ್ಕತ್ತು ಕಾರ್ಖಾನೆಗೆ. ಹೆರಿಗೆ ಆಸ್ಪತ್ರೆಗೆ ಹೋಗುತ್ತಿದ್ದದ್ದು ಒಂದನೇ ಶೆಡ್ಡಿನದಾದ್ದರಿಂದ ಬದುಕಿದೆವು. ಯಾರಿಗೂ ಕಾಯಿಲೆಯಾಗಲಿಲ್ಲ. ಒಂದು ತಿಂಗಳು ನಾನು ದಿನಾ ಆಸ್ಪತ್ರೆಯ ಮುಂದಿನಿಂದಲೇ ಮನೆಗೆ ಹೋಗುತ್ತಿದ್ದೆ. ಒಳಗೆ ಹೋಗಿ ಕೇಳುವ ಧೈರ್ಯವಿಲ್ಲದೆ ಗೇಟಿನ ಮುಂದಿನ ಹೆಜ್ಜೆಗಳನ್ನು ನೋಡುತ್ತಿದ್ದೆ. ಎಳೆಕೂಸನ್ನು ಎತ್ತಿಕೊಂಡು ಓಡಿಬಂದವರ ಹೆಜ್ಜೆ ಬೇರೆಯೇ ಥರ ಬಿದ್ದಿರುತ್ತದೆ. ಅಂಥದ್ದು ಕಾಣಲಿಲ್ಲ.

ಬಿಳಿ ನೆಲದ ಮೇಲೆ ಯಾರ ಬಣ್ಣವೂ ಇರಲಿಲ್ಲ. ಹಾಗಾದರೆ ಬಂದದ್ದು ಎಲ್ಲಿಂದ? ಮೇವು ಪರೀಕ್ಷಿಸಿದೆವು, ಶುದ್ಧ. ಕೋಳಿಗಳು ಬಂದ ಕಡೆಯ ಕಾಗದ ನೋಡಿದೆವು, ಶುದ್ಧ, ಲಸಿಕೆಯೂ ಆಗಿತ್ತು. ಕೊನೆಗೆ ಆ ಕೋಳಿಗಳನ್ನೂ ಸಾಗಿಸಿ, ಶೆಡ್ಡು ಮತ್ತೆ ತೊಳೆದೆವು. ಪೈಪು ಮತ್ತೆ ಹಲಗೆಯಿಂದ ಆಚೆ ತಿರುಗಿತು. ಈ ಸಲ ನಾನು ಹನ್ನೆರಡು ಕಡೆ ಒರೆಸಿ ಹನ್ನೆರಡು ಪೊಟ್ಟಣ ಮಾಡಿ ಕಳಿಸಿದೆ. ಒಂಬತ್ತು ಶುದ್ಧ. ಮೂರರಲ್ಲಿ ಅದೇ. ಆ ಮೂರೂ ಶೆಡ್ಡಿನ ಕೊನೆಯ ತುದಿಯವು. ಹದಿನಾರು ವಾರದ ಐದು ಸಾವಿರ ಹೊಸ ಕೋಳಿಗಳು ಬರಲು ಹತ್ತೊಂಬತ್ತು ದಿನ ಉಳಿದಿತ್ತು. ಅವು ಬರುವ ಮುಂಚೆ ಶೆಡ್ಡು ಶುದ್ಧವೆಂದು ಬರೆದು ಸಹಿ ಹಾಕಬೇಕಾದವಳು ನಾನು.

"ಮೇಡಮ್ಮೋರೇ, ಹಲಗೆ ಕಡೆ ನೋಡ್ತಿದೀರಿ, ಬಾಯಲ್ಲಿ ಮಾತ್ರ ಹೇಳ್ತಿಲ್ಲ" ಎಂದಳು ಜೈನಾಬಿ. ನಾಲ್ಕನೇ ಶೆಡ್ಡಿನ ಉಸ್ತುವಾರಿ ಅವಳದು. ದೇವೀರಮ್ಮನವರ ಕಾಲದಿಂದ ಇರುವವಳು, ಗಿಳಿಹಸಿರು ಹೆಜ್ಜೆಯವಳು, ತೊಟ್ಟಿಯಲ್ಲಿ ನಿಂತು ಅರವತ್ತನ್ನು ಇಡೀ ಫಾರಮ್ಮಿಗೆ ಕೇಳುವಂತೆ ಎಣಿಸುವವಳು.

"ಹೇಳಿದರೆ ಏನಾಗುತ್ತೆ ಗೊತ್ತಲ್ಲ, ಜೈನಾಬಿ?"

"ಗೊತ್ತು. ನಿಮ್ಗೂ ನಂಗೂ ಗೇಟ್ ಪಾಸ್. ನೀವಾದ್ರೆ ಸ್ಕೂಲಲ್ಲಿ ಪಾಠ ಹೇಳ್ಕೊತೀರಿ. ನಾನು ಯಾರಿಗ್ ಪಾಠ ಹೇಳ್ಲಿ, ಕೋಳಿಗಾ?"

ನಾನು ಅವಳಿಂದ ಒಂದು ಸೇರು ರಾಗಿಹಿಟ್ಟು ತರಿಸಿ ಶೆಡ್ಡಿನ ಗೋಡೆಯುದ್ದಕ್ಕೂ ತೆಳ್ಳಗೆ ಉದುರಿಸಿದೆ. ಮನುಷ್ಯರ ಹೆಜ್ಜೆಗೆ ಬಣ್ಣವಿರುವ ಊರಿನಲ್ಲಿ ನಮಗೆ ಒಂದು ಕುರುಡು ಅಂಟಿಕೊಂಡಿತ್ತು. ಬಣ್ಣವಿಲ್ಲದ ಕಡೆ ಯಾರೂ ಓಡಾಡಿಲ್ಲ ಎಂದೇ ನಾವು ತಿಳಿಯುತ್ತೇವೆ. ಬೇರೆ ಊರಿನ ಫಾರಮ್ಮಿನವರು ಮೊದಲು ಹುಡುಕುವುದೇ ಇಲಿಯನ್ನು. ನಾವು ಬೋನು ಇಟ್ಟಿದ್ದೆವು, ಬೋನಿಗೆ ಬೀಳಲಿಲ್ಲವೆಂದು ಇಲಿಯೇ ಇಲ್ಲವೆಂದುಕೊಂಡಿದ್ದೆವು. ಬೆಳಿಗ್ಗೆ ಬಂದು ನೋಡಿದರೆ ಹಿಟ್ಟಿನ ಮೇಲೆ ಸಾಲುಸಾಲು ಪುಟ್ಟ ಪಾದ, ನಡುವೆ ಬಾಲ ಎಳೆದ ಗೆರೆ. ಎಲ್ಲ ಸಾಲೂ ಇಟ್ಟಿಗೆಯ ಹಿಂದೆ ಗೋಡೆಯ ಬುಡದ ಒಂದು ಸಂದಿಗೆ ಹೋಗಿ ಸೇರುತ್ತಿದ್ದವು.

ಜೈನಾಬಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ನಾನು ಕೈಗವಸು ಹಾಕಿ, ಕಿಂಡಿಯಲ್ಲಿ ಕೈ ತೂರಿಸಿ, ಒದ್ದೆ ಬಟ್ಟೆಯಿಂದ ಒಳಗಿನ ನೆಲವನ್ನು ಒರೆಸಿದೆ. ಬಟ್ಟೆ ಧೂಳಿನ ಜೊತೆ ನೇರಳೆಯಾಗಿ ಹೊರಗೆ ಬಂತು. ಉಳಿಹೆಜ್ಜೆಯನ್ನು ಮುಟ್ಟಿದವರು ನಮ್ಮ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಪೊಟ್ಟಣ ಕಟ್ಟಿ ಲ್ಯಾಬಿಗೆ ಕಳಿಸಿದೆ. ಐದು ದಿನಕ್ಕೆ ಉತ್ತರ ಬಂತು. ಅದೇ ಕಳ್ಳಿ, ಅದೇ ತಳಿ.

ಮರಿಯಪ್ಪನವರು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಜೈನಾಬಿ ಕರೆಯದೆಯೇ ನನ್ನ ಹಿಂದೆ ಬಂದು ಮೆಟ್ಟಿಲ ಮೇಲೆ ಕೂತಳು. ನಾನು ಹೇಳಬೇಕಾದದ್ದನ್ನು ಹಿಂದಿನ ದಿನವೇ ಬರೆದು ಬಾಯಿಪಾಠ ಮಾಡಿದ್ದೆ. ಅದು ಮುಗಿಯುವವರೆಗೆ ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹೆಜ್ಜೆ ತೊಳೀಬೇಕು ಅಂತೀಯಾ" ಎಂದರು.

"ಹೌದು, ಯಜಮಾನರೇ."

"ತಾನಾಗಿ ಮಾಸೋಕೆ ಮುಂಚೆ."

"ಹೌದು."

"ಆ ಶೆಡ್ಡೇ ಬೇಡ ಬಿಡು, ಅಮ್ಮಣ್ಣಿ. ಖಾಲಿ ಇರಲಿ. ಐದು ಶೆಡ್ಡಲ್ಲಿ ಬದುಕೋಣ."

"ಶೆಡ್ಡು ಖಾಲಿ ಇರಬಹುದು, ಇಲಿ ಖಾಲಿ ಕೂರೋದಿಲ್ಲ. ಐದನೇ ಶೆಡ್ಡಿಗೆ ಅಲ್ಲಿಂದ ಹದಿನೆಂಟು ಮಾರು."

ಅವರು ಒಂದು ಕಾಯಿಯನ್ನು ಹಿಡಿದು ನನ್ನತ್ತ ತೋರಿಸಿದರು. "ಅವತ್ತು ನೀನೇ ಬರ್ಕೊಟ್ಟೆ. ಪೂರ್ತಿ ತೊಳೆದಿದೆ ಅಂತ. ನಿನ್ನ ಸಹಿ ಇದೆ. ಈಗ ಬಂದು ತೊಳೆದಿಲ್ಲ ಅಂತೀಯಲ್ಲ, ಯಾವ ನಳಿನಾಕ್ಷೀನ ನಂಬಲಿ ನಾನು?"

"ಅವತ್ತಿನವಳು ಸುಳ್ಳು ಬರೆದಳು" ಎಂದೆ. "ನಿಮಗೆ ನೋವಾಗಬಾರದು ಅಂತ ಬರೆದೆ. ಆ ಒಂದು ಪದಕ್ಕೆ ಐದು ಸಾವಿರ ಕೋಳಿಗೆ ಸೋಂಕು ತಗುಲಿತು. ಇನ್ನೊಂದು ಸಲ ಬರೆಯೋದಿಲ್ಲ. ಹಲಗೆ ತೆಗೆಯದೆ ಕೋಳಿ ಬಂದರೆ ನನ್ನ ಸಹಿ ಇರೋದಿಲ್ಲ, ನಾನೂ ಇರೋದಿಲ್ಲ."

ನನ್ನ ಧ್ವನಿ ಅಷ್ಟು ನೆಟ್ಟಗೆ ನಿಂತದ್ದು ನನಗೇ ಆಶ್ಚರ್ಯ. ಮರಿಯಪ್ಪನವರು ಸಿಪ್ಪೆಗಳನ್ನು ಒಟ್ಟುಮಾಡಿದರು.

"ದೇವೀರಿ ಇದ್ದಿದ್ರೆ ಅವತ್ತೇ ನಿನ್ನನ್ನ ಮನೆಗೆ ಕಳಿಸ್ತಿದ್ಲು."

"ಹೌದು."

"ನನ್ನನ್ನೂ ಕಳಿಸ್ತಿದ್ಲು. ಹೋಗೋಕೆ ನಂಗೆ ಬೇರೆ ಮನೆ ಇಲ್ಲ, ಅಷ್ಟೇ." ಸಿಪ್ಪೆಯನ್ನು ಬುಟ್ಟಿಗೆ ಹಾಕಿ, "ಆದ್ರೂ ಆಗಲ್ಲ, ಅಮ್ಮಣ್ಣಿ. ಬೇರೆ ಏನಾದ್ರೂ ಕೇಳು" ಎಂದು ಎದ್ದರು.

ಆಗ ಮೆಟ್ಟಿಲ ಕಡೆಯಿಂದ ಜೈನಾಬಿ ಬಾಯಿಬಿಟ್ಟಳು. "ಯಜಮಾನ್ರೇ, ಒಂದ್ ಮಾತು. ಬೈಬಾರ್ದು. ಅಮ್ಮಾವ್ರ ಹೆಜ್ಜೆ ಮೇಲೆ ನಮ್ಮನ್ನೆಲ್ಲ ಕಾಲಿಡಬೇಡಿ ಅಂದ್ರಿ. ಇಡ್ಲಿಲ್ಲ. ಈಗ ಅಲ್ಲಿ ಇಲಿ ಬಾಣಂತನ ಮಾಡ್ಕೊಂಡಿದೆ. ಅದಕ್ಕೆ ನೀವೇ ಹಲಗೆ ಹೊಡ್ಸಿ ಮನೆ ಕಟ್ಕೊಟ್ಟಿದೀರಿ. ನಾಮಕರಣಕ್ಕೂ ನೀವೇ ಹೋಗಿ."

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮರಿಯಪ್ಪನವರು ಗೋಡೆಗೆ ನೇತುಹಾಕಿದ್ದ ಸುತ್ತಿಗೆಯನ್ನು ತೆಗೆದುಕೊಳ್ಳುತ್ತಿದ್ದರು. "ನಡಿ, ತೋರ್ಸು. ಇಲಿ ಇಲ್ದೇ ಹೋದ್ರೆ ನಿನ್ ನಾಲಿಗೆಗೆ ಮೊಳೆ ಹೊಡೀತೀನಿ."

ಶೆಡ್ಡಿನ ಬಾಗಿಲಲ್ಲಿ ಅವರು ಬೂಟು ಹಾಕಿಕೊಂಡು ತೊಟ್ಟಿಯಲ್ಲಿ ನಿಂತರು. ಕೋಪದಲ್ಲಿದ್ದರೂ ಅರವತ್ತು ಎಣಿಸಿದರು. ಬಿಳಿ ನೆಲವನ್ನು ಬಣ್ಣ ಬೀಳದೆ ದಾಟಿದರು. ಹನ್ನೊಂದನೆಯದರಿಂದ ಅವರ ಸುಟ್ಟ ಇಟ್ಟಿಗೆಯ ಬಣ್ಣದ ಹೆಜ್ಜೆ ಶುರುವಾಯಿತು. ಹಲಗೆಯ ಮುಂದೆ ಮಂಡಿಯೂರಿ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಕೊನೆಯ ಮೊಳೆ ಕಿತ್ತು ಹಲಗೆಯನ್ನು ಗೋಡೆಗೆ ಒರಗಿಸಿದರು.

ಕಿಂಡಿಯ ಪಕ್ಕದ ಎರಡು ಹೆಜ್ಜೆ ಚೊಕ್ಕವಾಗಿದ್ದವು. ಉಳಿದ ಐದು ಕಾಣುತ್ತಿರಲಿಲ್ಲ. ಮೊಟ್ಟೆ ಟ್ರೇಯ ರಟ್ಟು ಕಡಿದ ಚೂರು, ಪುಕ್ಕ, ಮೇವಿನ ಪುಡಿ, ಇಲಿಯ ಹಿಕ್ಕೆ, ಎಲ್ಲ ಸೇರಿ ಗೇಣೆತ್ತರ ಗುಡ್ಡೆಯಾಗಿತ್ತು. ಅದರ ನಡುವಿನ ಗುಳಿಯಲ್ಲಿ ಕಣ್ಣು ಬಿಡದ ಆರು ಮರಿಗಳು ಒಂದರ ಮೇಲೊಂದು ಬಿದ್ದು ಮಿಸುಕುತ್ತಿದ್ದವು.

"ನಾನು ದಿನಾ ಬಗ್ಗಿ ನೋಡ್ತಿದ್ದಿದ್ದು ಈ ಎರಡನ್ನ" ಎಂದರು ಮರಿಯಪ್ಪನವರು. "ಒಳಗೆ ಇನ್ನೂ ಐದಿದೆ, ಚೆನ್ನಾಗಿದೆ ಅಂದ್ಕೊಂಡಿದ್ದೆ." ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡರು. "ತೊಳಿಯೋಣ. ಮನೆಯಿಂದ ಹಾಲು ತರಿಸ್ತೀನಿ."

ಇಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟಿದ್ದೆ. ಹಾಲಿನ ಮಾತು ಕೇಳಿ ಮತ್ತೆ ಎಳೆದುಕೊಂಡೆ. ಇಷ್ಟು ಕೊಟ್ಟವರಿಗೆ ಅದೊಂದನ್ನು ಉಳಿಸಬಾರದೇ ಎಂದು ಮನಸ್ಸು ಹೇಳಿತು. ಒಂದು ಲೋಟ ಹಾಲು, ಆಮೇಲೆ ಹೇಗೂ ಸೋಪು ಹಾಕುತ್ತೇವಲ್ಲ. ಆದರೆ ಆ ನೆಲದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಅವುಗಳೊಳಗೆ ಇಳಿದ ಹಾಲನ್ನು ಯಾವ ಸೋಪೂ ಪೂರ್ತಿ ತೆಗೆಯುವುದಿಲ್ಲ. ಹಾಲು ಆ ಕಳ್ಳಿಗೆ ಬಡಿಸಿದ ಎಲೆ.

"ಹಾಲು ಬೇಡ, ಯಜಮಾನರೇ."

"ಪದ್ಧತಿ, ಅಮ್ಮಣ್ಣಿ."

"ಹಾಲು ಬಿದ್ದ ಜಾಗದಲ್ಲಿ ಅದು ಇನ್ನೂ ಚೆನ್ನಾಗಿ ಬೆಳೆಯುತ್ತೆ. ಮೊದಲು ಒಣದನ್ನು ಕೆರೆದು ತೆಗೀಬೇಕು. ಆಮೇಲೆ ಸೋಪು, ಆಮೇಲೆ ಬರೀ ನೀರು, ಒಣಗಬೇಕು, ಆಮೇಲೆ ಔಷಧಿ. ಇದರ ಮಧ್ಯ ಹಾಲಿಗೆ ಜಾಗ ಇಲ್ಲ."

"ಒಂದ್ ತೊಟ್ಟು."

"ಒಂದು ತೊಟ್ಟೂ ಇಲ್ಲ."

ನಾನು ಬೈಗುಳಕ್ಕೆ ಕಾದೆ. "ಜೈನಾಬಿ," ಎಂದರು ಅವರು, "ಇವಳು ದೇವೀರಿಗಿಂತ ಮೊಂಡು ಕಣೇ."

"ಅಮ್ಮಾವ್ರೇ ಆರಿಸ್ಕೊಂಡು ಬಂದಿದ್ದಲ್ವಾ" ಎಂದಳು ಅವಳು, ಆಗಲೇ ಗೋಣಿಚೀಲ ಬಿಡಿಸುತ್ತಾ.

ಆ ದಿನ ಉಳಿದವರನ್ನೆಲ್ಲ ಹೊರಗೆ ಕಳಿಸಿ ನಾವು ಮೂವರೇ ಕೆಲಸ ಮಾಡಿದೆವು. ಗುಡ್ಡೆಯನ್ನು ಧೂಳೇಳದಂತೆ ಔಷಧಿ ಚಿಮುಕಿಸಿ ಚೀಲಕ್ಕೆ ತುಂಬಿದೆವು. ಮರಿಗಳ ಸಮೇತ ಅದು ಫಾರಮ್ಮಿನ ಹಿಂದಿನ ಗುಂಡಿಯಲ್ಲಿ ಸುಟ್ಟುಹೋಯಿತು. ತಾಯಿ ಇಲಿಗಾಗಿ ಸಂದಿಯ ಬಾಯಲ್ಲೇ ಬೋನು ಇಟ್ಟೆವು, ಮೂರನೇ ದಿನ ಬಿತ್ತು. ಇಟ್ಟಿಗೆಗಳನ್ನು ಹೊರಗೆ ಹಾಕಿದೆವು. ಹೆಜ್ಜೆಗಳ ಮೇಲಿನ ಕೊಳೆಯನ್ನು ನಾನೂ ಜೈನಾಬಿಯೂ ಕೆರೆದೆವು, ಸೋಪಿನ ಬ್ರಷ್ಷನ್ನು ಮಾತ್ರ ಮರಿಯಪ್ಪನವರು ಕೊಡಲಿಲ್ಲ. ಎಪ್ಪತ್ತು ದಾಟಿದವರು ಮಂಡಿಯ ಮೇಲೆ ಕೂತು ತಿಕ್ಕಿದರು. ನೊರೆ ಮೊದಲು ಕಂದು, ಆಮೇಲೆ ನೇರಳೆ, ಆಮೇಲೆ ತಿಳಿ. ಏಳನೆಯ ಹೆಜ್ಜೆಯ ಹಿಮ್ಮಡಿ ಬೇಗ ಹೋಗಲಿಲ್ಲ. "ಹಿಮ್ಮಡಿ ಊರಿ ನಿಲ್ಲೋಳು. ಎಲ್ಲಿ ನಿಂತ್ರೂ ಅಲ್ಲಾಡ್ಸೋಕಾಗ್ತಿರ್ಲಿಲ್ಲ" ಎಂದು ಅಲ್ಲಿ ಇನ್ನೊಂದು ಮುಷ್ಟಿ ಸೋಪು ಹಾಕಿದರು. ಅಳುತ್ತಾರೆಂದು ನಾನು ಹೆದರಿದ್ದೆ. ಅವರು ತಿಕ್ಕುತ್ತಾ ತಮ್ಮ ಗಂಡಹೆಂಡಿರ ಜಗಳಗಳನ್ನು ಒಂದೊಂದಾಗಿ ಹೇಳಿದರು, ಪ್ರತಿಯೊಂದರಲ್ಲೂ ದೇವೀರಮ್ಮನವರೇ ಗೆದ್ದಿದ್ದರು. ಕೊನೆಗೆ ಗೋಡೆಯ ಸಂದಿಗೆ ಗಾಜಿನ ಚೂರು ಸೇರಿಸಿ ಸಿಮೆಂಟು ಹಾಕಿದವರೂ ಅವರೇ.

ಊರು ಸುಮ್ಮನಿರಲಿಲ್ಲ. ತರಕಾರಿ ಅಂಗಡಿಯಲ್ಲಿ ನನಗೆ ಕೇಳುವಂತೆ ಹೆಂಗಸೊಬ್ಬಳು, "ಸತ್ತೋಳ ಹೆಜ್ಜೇನ ಹಾಲಿಲ್ದೆ ತೊಳ್ಸಿದ್ಲಂತೆ, ಕಕ್ಕಸು ತೊಳೆದಂಗೆ" ಎಂದಳು. ನನ್ನ ಬೂದಿ ಹೆಜ್ಜೆ ಕಂಡ ಕಡೆ ಕೆಲವರು ಪಕ್ಕಕ್ಕೆ ಸರಿದು ನಡೆದರು. ನಾನು ಎರಡು ದಿನ ಬಿಟ್ಟು ಒಂದು ಕಾಗದ ಬರೆದು ಫಾರಮ್ಮಿನ ಗೇಟಿಗೆ ಅಂಟಿಸಿದೆ. ಹಿಂದಿನ ವರದಿ ತಪ್ಪು, ತಪ್ಪು ನನ್ನದು, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ನಾಲ್ಕನೇ ಶೆಡ್ಡಿನ ಸೋಂಕಿಗೆ ಕಾರಣ ಇದು, ಆ ಮೊಟ್ಟೆಗಳು ಇಂಥ ಕಡೆಗೆ ಹೋದವು, ಹೀಗೆ. ಅಂಟಿಸಿದ ಮೇಲೆ ಮೂರು ಸಲ ವಾಪಸು ಹೋಗಿ ಓದಿದೆ. ಮಾರನೆಯ ದಿನ ಗೇಟಿನ ಮುಂದೆ ನಾನಾ ಬಣ್ಣದ ಹೆಜ್ಜೆಗಳು ತುಳಿದಾಡಿದ್ದವು. ಹೆರಿಗೆ ಆಸ್ಪತ್ರೆಯಿಂದ ಮೊಟ್ಟೆ ಬೇಡವೆಂಬ ಮಾತು ಬರಬಹುದೆಂದು ಕಾದೆ. ಬಂದದ್ದು ಅಲ್ಲಿನ ಹಿರಿಯ ಸಿಸ್ಟರ್. ಕಾಗದವನ್ನು ಪೂರ್ತಿ ಓದಿ, "ಸಿಕ್ಕಿಹಾಕಿಕೊಂಡ ಮೇಲೆ ಬರೆಯೋರನ್ನ ಕಂಡಿದೀನಿ. ಯಾರೂ ಕೇಳದೆ ಬರೆದೋರನ್ನ ಈಗಲೇ ಕಂಡಿದ್ದು. ನಾಳೆಯಿಂದ ಇನ್ನೂ ಎರಡು ಟ್ರೇ ಹೆಚ್ಚಿಗೆ ಕಳಿಸಿ" ಎಂದು ಹೋದರು. ಎರಡು ಸಲ ಬೇಯಿಸಿ ಕೊಡಿ ಎಂದು ಹೇಳಬೇಕೆಂದು ನನಗೆ ಆಮೇಲೆ ಹೊಳೆಯಿತು, ಓಡಿಹೋಗಿ ಹೇಳಿದೆ. ಒಂದು ಸಲ ಸಾಕು, ಪೂರ್ತಿ ಬೇಯಿಸುತ್ತೇವೆ ಎಂದು ನಕ್ಕರು.

ಈ ಸಲ ಹದಿನಾಲ್ಕು ಕಡೆ ಒರೆಸಿದೆ, ಆ ಏಳು ಹೆಜ್ಜೆಯಿದ್ದ ನೆಲದಿಂದಲೇ ಮೂರು. ಹದಿನಾಲ್ಕೂ ಶುದ್ಧವೆಂದು ಉತ್ತರ ಬಂದಾಗ ಕೋಳಿಗಳು ಬರಲು ಎರಡು ದಿನವಿತ್ತು. ಜೈನಾಬಿ ವರದಿಯನ್ನು ತಲೆಕೆಳಗಾಗಿ ಹಿಡಿದುಕೊಂಡು, "ಓದೋಕೆ ಬರ್ದೇ ಇದ್ರೂ ಚೆನ್ನಾಗಿರೋದು ಗೊತ್ತಾಗತ್ತೆ" ಎಂದಳು.

ಕೋಳಿಗಳ ಲಾರಿ ಬೆಳಗಿನ ಎಂಟು ಗಂಟೆಗೆ ಬಂತು. ಚಕ್ರಗಳಿಗೆ ಔಷಧಿ ಹೊಡೆಸಿ, ಡ್ರೈವರನ್ನು ಶೆಡ್ಡಿನ ಬಾಗಿಲ ಮುಂದೆ ಎಳೆದ ಗೆರೆಯಿಂದ ಆಚೆಯೇ ನಿಲ್ಲಿಸಿ, ನಾನು ಇಳಿಸುವವರನ್ನು ಒಬ್ಬೊಬ್ಬರಾಗಿ ಕೇಳಿ ಒಳಗೆ ಬಿಡುತ್ತಿದ್ದೆ. ಆಗ ಮರಿಯಪ್ಪನವರು ಬಂದರು. ಮಡಿಕೆ ಮುರಿಯದ ಬಿಳಿ ಅಂಗಿ, ಕ್ಷೌರ ಮಾಡಿಸಿಕೊಂಡ ಮುಖ. ಹೆಂಡತಿ ಹೋದ ಮೇಲೆ ಅವರು ಕೋಳಿ ಇಳಿಸುವುದನ್ನು ನೋಡಲು ಬಂದದ್ದು ಇದೇ ಮೊದಲು. ಬೂಟಿಗೆ ಕೈ ಹಾಕಿದರು.

ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಯಜಮಾನರೇ, ಮೂರು ದಿನದಲ್ಲಿ ಬೇರೆ ಕೋಳಿ ಮುಟ್ಟಿದ್ದೀರಾ?"

ಅವರ ಕೈ ಬೂಟಿನ ಮೇಲೆಯೇ ನಿಂತಿತು. "ನಿನ್ನೆ ತಂಗಿ ಮನೆಗೆ ಹೋಗಿದ್ದೆ. ಅವಳ ನಾಟಿಕೋಳಿ ಸೂರು ಹತ್ತಿ ಕೂತಿತ್ತು. ಹಿಡಿದುಕೊಟ್ಟೆ."

ಇಳಿಸುವವರು ಕೈಯಲ್ಲಿ ಪೆಟ್ಟಿಗೆ ಹಿಡಿದು ನಿಂತರು. ಜೈನಾಬಿ ತೊಟ್ಟಿಯಲ್ಲಿ ನಲವತ್ಮೂರಕ್ಕೆ ಎಣಿಕೆ ನಿಲ್ಲಿಸಿದಳು. ಆ ಶೆಡ್ಡಿನ ಯಜಮಾನರು ಅವರು, ಆ ನೆಲವನ್ನು ಮಂಡಿ ಸವೆಯುವಂತೆ ತಿಕ್ಕಿದವರು ಅವರು.

"ಹಾಗಾದರೆ ಇವತ್ತು ಒಳಗೆ ಬರೋ ಹಾಗಿಲ್ಲ" ಎಂದೆ. "ನಾಡಿದ್ದು ಬನ್ನಿ."

ಮರಿಯಪ್ಪನವರು ಬೂಟುಗಳನ್ನು ಇದ್ದ ಜಾಗದಲ್ಲಿ ಜೋಡಿಸಿ ಇಟ್ಟರು. ಗೆರೆಯ ಹೊರಗೆ ನಿಂತು ಬಾಗಿಲೊಳಗಿನ ಬಿಳಿ ನೆಲವನ್ನು ನೋಡಿದರು. ಆಮೇಲೆ ಲಾರಿಯ ಡ್ರೈವರ್ ಕಡೆ ತಿರುಗಿದರು. ಅವನು ನಾಲ್ಕು ಮಾರು ದೂರದಲ್ಲಿದ್ದ, ಅವರು ಕೂಗಿದ್ದು ಮಾತ್ರ ಕಾಲುವೆಯ ಆಚೆಯವರೆಗೆ ಕೇಳಿಸಿತು.

"ಏನಪ್ಪಾ, ನಿನ್ನನ್ನ ಒಳಗೆ ಬಿಡಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡ! ಇಲ್ಲಿ ನನ್ನನ್ನೇ ಬಿಡಲ್ಲ! ಎಷ್ಟು ಊರು ತಿರುಗಿದೀಯ ನೀನು? ಓನರ್‌ನ ಬಾಗಿಲಲ್ಲಿ ನಿಲ್ಲಿಸೋ ಫಾರಂ ಎಲ್ಲಾದ್ರೂ ನೋಡಿದೀಯಾ?"

"ಇಲ್ಲ ಸಾಮಿ" ಎಂದ ಅವನು.

"ನೋಡು ಮತ್ತೆ!" ಎಂದು ಎದೆ ಸೆಟೆಸಿಕೊಂಡು ಮನೆಯ ಕಡೆ ಹೊರಟರು. ದಾರಿಯಲ್ಲಿ ಸಿಕ್ಕ ಮೊದಲನೆಯವರನ್ನೇ ನಿಲ್ಲಿಸಿ ಕೈಯಾಡಿಸಿ ಅದನ್ನೇ ಹೇಳುತ್ತಿದ್ದದ್ದು ನನಗೆ ದೂರದಿಂದ ಕಂಡಿತು. ಜೈನಾಬಿ ಮತ್ತೆ ಒಂದರಿಂದ ಎಣಿಸಲು ಶುರುಮಾಡಿದಳು. ಗೆರೆಯ ಹೊರಗೆ ಅವರ ಸುಟ್ಟ ಇಟ್ಟಿಗೆಯ ಬಣ್ಣದ ಎರಡು ಹೆಜ್ಜೆಗಳು ಪಕ್ಕಪಕ್ಕದಲ್ಲಿ, ಗೆರೆಯನ್ನು ಕೂದಲೆಳೆಯಷ್ಟೂ ತುಳಿಯದೆ, ಹಿಮ್ಮಡಿ ಊರಿ ನಿಂತಿದ್ದವು.